ಫೋಲ್ಡರ್ ಒಳಗೆ ಎಷ್ಟು ಆಳಕ್ಕೆ ಇಳೀಬೇಕು?

ಇವತ್ತು ನಾನು ಎರಡು ದಿನದ ಕೆಲಸ ಕಳ್ಕೊಂಡ ಕಥೆ ಹೇಳ್ತೀನಿ. ಕೋಡ್ ಬರೆಯೋರು ಸ್ವಲ್ಪ ಕಿವಿಗೊಟ್ಟು ಕೇಳಿ.

ನನ್ನ ಮೊದಲ ಕೆಲಸ. ಆಫೀಸ್‌ನಲ್ಲಿ ಸಬ್‌ವರ್ಷನ್, ಅಂದರೆ ಎಸ್‌ವಿಎನ್ ಬಳಸ್ತಿದ್ವಿ. ಒಂದು ಫೈಲ್ ಕೆಡಿಸ್ಕೊಂಡಿದ್ದೆ. ಮೇಲಿನ ಫೋಲ್ಡರ್‌ನಲ್ಲಿ ನಿಂತು ರಿವರ್ಟ್ ಕೊಟ್ಟೆ. ಏನೂ ಆಗಲಿಲ್ಲ. ಯಾಕೆ ಅಂತ ಯೋಚಿಸದೆ, ಜೊತೆಗೆ ರಿಕರ್ಸಿವ್ ಅಂತ ಸೇರಿಸಿ ಎಂಟರ್ ಒತ್ತಿದೆ. ಪರದೆ ತುಂಬಾ ‘ರಿವರ್ಟೆಡ್’, ‘ರಿವರ್ಟೆಡ್’! ಕೆಟ್ಟ ಫೈಲಿನ ಜೊತೆ, ಎರಡು ದಿನ ತಿದ್ದಿದ್ದ ಎಲ್ಲಾ ಫೈಲೂ ಹಳೇ ರೂಪಕ್ಕೆ ಹೋದವು. ಕಮಿಟ್ ಮಾಡಿರಲಿಲ್ಲ, ಹಾಗಾಗಿ ಸರ್ವರ್‌ನಲ್ಲೂ ಅದರ ಸುಳಿವಿಲ್ಲ.

ಆಮೇಲೆ ಗೊತ್ತಾಯ್ತು. ಎಸ್‌ವಿಎನ್‌ನಲ್ಲಿ ಎಲ್ಲ ಕಮಾಂಡ್‌ಗಳೂ ಒಂದೇ ಆಳಕ್ಕೆ ಇಳಿಯಲ್ಲ. ಆ್ಯಡ್, ಕಮಿಟ್ ತಾವಾಗಿಯೇ ತಳದವರೆಗೂ ಹೋಗ್ತವೆ. ರಿವರ್ಟ್ ಮಾತ್ರ ನೀವು ಹೇಳದೆ ಒಳಗೆ ಕಾಲಿಡಲ್ಲ. ಅದು ಅಪಾಯಕಾರಿ ಅಂತಲೇ ಆ ಕಾವಲು. ಆ ಕಾವಲನ್ನ ನಾನೇ ತೆಗೆದಿದ್ದೆ.

2008ರಲ್ಲಿ ಬಂದ 1.5 ಆವೃತ್ತಿಯಿಂದ ‘ಡೆಪ್ತ್’ ಅನ್ನೋ ಆಯ್ಕೆ ಇದೆ. ನಾಲ್ಕು ಹಂತ. ಮನೆ ಅಂದ್ಕೊಳ್ಳಿ. ‘ಎಂಪ್ಟಿ’ ಅಂದರೆ ಹೊಸ್ತಿಲು ಮಾತ್ರ. ‘ಫೈಲ್ಸ್’ ಅಂದರೆ ಹಾಲ್‌ನಲ್ಲಿರೋ ಸಾಮಾನೂ ಸೇರಿತು. ‘ಇಮಿಡಿಯೆಟ್ಸ್’ ಅಂದರೆ ಕೋಣೆಗಳ ಬಾಗಿಲೂ ಕಾಣುತ್ತೆ, ಆದರೆ ಒಳಗೆ ಹೋಗಲ್ಲ. ‘ಇನ್ಫಿನಿಟಿ’ ಅಂದರೆ ಅಟ್ಟದ ಮೇಲಿನ ಡಬ್ಬಿವರೆಗೂ.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡೋರಿಗೆ ಇದು ವರ. ಇಮಿಡಿಯೆಟ್ಸ್ ಆಳದಲ್ಲಿ ಚೆಕ್‌ಔಟ್ ಮಾಡಿ, ಬೇಕಾದ ಫೋಲ್ಡರ್‌ಗೆ ಮಾತ್ರ ‘ಸೆಟ್ ಡೆಪ್ತ್ ಇನ್ಫಿನಿಟಿ’ ಕೊಟ್ಟು ಅಪ್‌ಡೇಟ್ ಮಾಡಿ. ಡೇಟಾ ಉಳಿಯುತ್ತೆ. ಆ ಆಳವನ್ನ ಎಸ್‌ವಿಎನ್ ನೆನಪಿಟ್ಕೊಳ್ಳುತ್ತೆ.

ಗಿಟ್ ಬಳಸೋರೇ, ಹುಷಾರು. ಅಲ್ಲಿ ಕ್ಲೋನ್ ಜೊತೆ ಬರೋ ಡೆಪ್ತ್ ಫೋಲ್ಡರ್‌ನ ಆಳ ಅಲ್ಲ, ಇತಿಹಾಸದ ಆಳ. ಡೆಪ್ತ್ 1 ಅಂದರೆ ಕೊನೆಯ ಕಮಿಟ್ ಮಾತ್ರ ಬರುತ್ತೆ, ಫೋಲ್ಡರ್ ಎಲ್ಲವೂ ಬರುತ್ತೆ. ಫೋಲ್ಡರ್ ಆರಿಸೋಕೆ ‘ಸ್ಪಾರ್ಸ್ ಚೆಕ್‌ಔಟ್’ ಅಂತ ಬೇರೆ ಕಮಾಂಡ್ ಇದೆ.

ಈಗ ನಾನು ರಿವರ್ಟ್‌ಗೆ ಮುಂಚೆ ಸ್ಟೇಟಸ್ ನೋಡ್ತೀನಿ, ಡಿಫ್ ಒಂದನ್ನ ಫೈಲ್‌ಗೆ ಉಳಿಸ್ತೀನಿ, ಆಮೇಲೆ ಆ ಒಂದೇ ಫೈಲಿನ ಹೆಸರು ಬರೀತೀನಿ. ಅರ್ಧ ನಿಮಿಷದ ಕೆಲಸ. ಅವತ್ತು ಆ ಅರ್ಧ ನಿಮಿಷ ಕೊಟ್ಟಿದ್ದರೆ ಎರಡು ದಿನ ಉಳೀತಿತ್ತು.

ಮುಂದಿನ ವಾರ ಸಿಗೋಣ.