ಅಂಗೈಯಗಲದ ರೋಗಿ

ಗಿಳಿ ತನ್ನ ಕಾಯಿಲೆಯನ್ನು ಕೈಲಾದಷ್ಟು ದಿನ ಮುಚ್ಚಿಡುತ್ತದೆ. ಕಾಡಿನಲ್ಲಿ ಬಳಲಿದ ಹಕ್ಕಿಯ ಮೇಲೇ ಬೇಟೆಗಾರನ ಕಣ್ಣು ಬೀಳುವುದಲ್ಲವೇ? ಹಾಗಾಗಿ ಮನೆಯ ಬಜರಿಗರ್ ಗಿಳಿ ಗರಿ ಕೆದರಿಕೊಂಡು ಪಂಜರದ ತಳದಲ್ಲಿ ಕುಳಿತರೆ, ನಾಳೆ ನೋಡೋಣ ಎನ್ನಬೇಡಿ. ಅಂದೇ ಪಶುವೈದ್ಯರ ಬಳಿಗೆ ಒಯ್ಯಿರಿ. 30–40 ಗ್ರಾಂ ತೂಕದ ಜೀವ ಅದು. ನಮ್ಮ ಮಾತ್ರೆಯ ಚೂರೂ ವಿಷವಾದೀತು.

ವೈದ್ಯರು ಹೇಳಿದ ಅಳತೆಯ ಔಷಧವನ್ನು ಕುಡಿಸುವಾಗ ಮೆತ್ತನೆಯ ಟವೆಲ್ಲಿನಲ್ಲಿ ಸುತ್ತಿ, ಕೊಕ್ಕಿನ ಪಕ್ಕದಿಂದ ಹನಿಹನಿಯಾಗಿ ಬಿಡಿ. ಎದೆಯನ್ನು ಮಾತ್ರ ಅದುಮಬೇಡಿ. ಹಕ್ಕಿಗೆ ನಮ್ಮಂತೆ ಉಸಿರಾಡಿಸುವ ಸ್ನಾಯುಪೊರೆಯಾದ ವಪೆ ಇಲ್ಲ; ಎದೆಗೂಡು ಅಲುಗಿದರಷ್ಟೇ ಉಸಿರು. ಉಳಿಸಲೆಂದು ಬಿಗಿಹಿಡಿದ ಕೈಯೇ ಆ ಉಸಿರನ್ನು ಕಟ್ಟಿಸಬಲ್ಲದು ಎಂಬುದು ನನ್ನನ್ನು ಬಹಳ ಕಾಡುತ್ತದೆ. ಆಮೇಲೆ ಗಾಳಿ ಬೀಸದ ಮೂಲೆಯಲ್ಲಿ ಬೆಚ್ಚಗಿರಿಸಿ. ದಿನವೂ ಬೆಳಿಗ್ಗೆ, ಕಾಳು ಹಾಕುವ ಮುನ್ನ, ತೂಗಿ ಬರೆದಿಡಿ. ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ತಿಳಿಸಿ.