ಎರಡು ಲೋಟ ನೀರು
(ವಾರ್ಷಿಕೋತ್ಸವದಲ್ಲಿ ಆಡಿದ ಮಾತು)

ಭಾಷಣ ಮಾಡೋದು ನನಗೆ ಬರಲ್ಲ, ನಾನು ಎಲೆಕ್ಟ್ರಿಷಿಯನ್. ಮೋಸ ಹೋದ ಕಥೆ ಹೇಳು ಅಂದರು, ಒಪ್ಪಿಕೊಂಡೆ.

ಕುವೈತಿನ ಅಬ್ಬಾಸಿಯಾದಲ್ಲಿರೋ ನಮ್ಮ ಮನೆಗೆ ಒಂದು ಶುಕ್ರವಾರ ನೀರಿನ ಫಿಲ್ಟರ್ ಮಾರೋ ಹುಡುಗ ಬಂದ. ಒಂದು ಲೋಟದಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನ ಆರ್‌ಒ ಯಂತ್ರದ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ಸ್ವಿಚ್ ಹಾಕಿದ. ನೋಡನೋಡ್ತಾ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಕೆಸರಾಯಿತು. ಅವನದು ತಿಳಿಯಾಗೇ ಇತ್ತು. “ಇದನ್ನೇ ಅಲ್ವಾ ಮಗೂಗೆ ಕುಡಿಸ್ತಿರೋದು?” ಅಂತ ಹಿಂದಿಯಲ್ಲಿ ಕೇಳಿದ. ಹೆಂಡತಿ ಮುಖ ನೋಡೋಕಾಗಲಿಲ್ಲ. ವಿಮಾನದ ಟಿಕೆಟ್ಟಿಗೆ ಇಟ್ಟಿದ್ದ ದುಡ್ಡು ಕೊಟ್ಟುಬಿಟ್ಟೆ. ಆ ವರ್ಷ ಊರಿಗೆ ನಾನೊಬ್ಬನೇ ಹೋದೆ.

ಆಮೇಲೆ ಅದೇ ಹುಡುಗ ಪಕ್ಕದ ಮನೆಗೆ ಬಂದಾಗ ನಾನೂ ಹೋದೆ. ಈ ಸಲ ಕಣ್ಣು ಹೋಗಿದ್ದು ಕಡ್ಡಿಗಳ ಮೇಲೆ. ಒಂದು ಅಲ್ಯೂಮಿನಿಯಂ, ಇನ್ನೊಂದು ಕಬ್ಬಿಣ. ಕಬ್ಬಿಣದ್ದು ಸವೆದು ಹೋಗಿತ್ತು! ದಿನಾ ಕರೆಂಟಿನ ಜೊತೆ ಏಗೋನು ನಾನು, ಮೊದಲೇ ಹೊಳೀಬೇಕಿತ್ತು. ಅಡುಗೆಮನೆಯಿಂದ ಚಿಟಿಕೆ ಉಪ್ಪು ತಂದು ಅವನ ‘ಶುದ್ಧ’ ನೀರಿಗೆ ಹಾಕಿ, ಈಗ ಸ್ವಿಚ್ ಹಾಕಪ್ಪಾ ಅಂದೆ. ಅವನು ಹಾಕಲಿಲ್ಲ. ನಾನೇ ಹಾಕಿದೆ. ಅದೂ ಕೆಸರಾಯಿತು.

ವಿಷಯ ಇಷ್ಟೇ. ಕಂದು ಬಣ್ಣ ನೀರಿನ ಕೊಳೆಯಲ್ಲ, ಕಡ್ಡಿಯಿಂದ ಬಿಟ್ಟ ಕಬ್ಬಿಣದ ತುಕ್ಕು. ನೀರಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತೆ, ಕಬ್ಬಿಣ ಕರಗುತ್ತೆ. ಆರ್‌ಒ ನೀರಲ್ಲಿ ಲವಣ ತೀರಾ ಕಮ್ಮಿ, ಅದಕ್ಕೇ ಏನೂ ಆಗಲ್ಲ. ಟಿಡಿಎಸ್ ಮೀಟರೂ ಹಾಗೇ, ಕರಗಿದ ಲವಣದ ಅಂದಾಜು ಕೊಡುತ್ತೆ, ರೋಗಾಣು ಅದಕ್ಕೆ ಕಾಣಲ್ಲ. ಭಾರತದ ಮಾನದಂಡದಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಲವಣ ಇದ್ದರೆ ತಕರಾರಿಲ್ಲ.

ಯಂತ್ರ ಕೆಟ್ಟದ್ದು ಅಂತಿಲ್ಲ. ನಮ್ಮೂರು ಪಾವಗಡದ ಕಡೆ, ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. ಅಲ್ಲಿ ಆರ್‌ಒ ನಿಜಕ್ಕೂ ಬೇಕಾಗಬಹುದು. ಆದರೆ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡನ್ನು ಈ ಕಡ್ಡಿ ತೋರಿಸಲ್ಲ. ತೋರಿಸೋದು ತನ್ನದೇ ತುಕ್ಕನ್ನ.

ಹೋದ ತಿಂಗಳು ಅಮ್ಮ ಫೋನ್ ಮಾಡಿದ್ರು. “ನಮ್ಮ ನೀರು ಕೆಂಪಗಾಯ್ತು ಕಣೋ, ಕಂತಿನ ಮೇಲೆ ಮಿಷನ್ ಕೊಡ್ತಾರಂತೆ, ಸೈನ್ ಹಾಕ್ಲಾ?” ಬೇಡಮ್ಮ, ಮೊದಲು ಪರೀಕ್ಷೆ ಮಾಡಿಸು ಅಂದೆ. ತಮ್ಮ ಬಾಟಲಿಯಲ್ಲಿ ನೀರು ತುಂಬಿಕೊಂಡು ಪ್ರಯೋಗಾಲಯಕ್ಕೆ ಕೊಟ್ಟು ಬಂದಿದ್ದಾನೆ. ರಿಪೋರ್ಟ್ ಇನ್ನೂ ಬಂದಿಲ್ಲ.