ಕಾಮೇಗೌಡ ತಾತನ ಗುದ್ದಲಿ

(ಬೆಟ್ಟದ ಮೇಲೆ ಕಟ್ಟೆಗಳನ್ನು ತೋಡಿದ ಕುರಿಗಾಹಿ ಕಾಮೇಗೌಡರ ಸ್ಮರಣೆಗಾಗಿ ಚಂದಾಪುರದಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ದೊಡ್ಡವರು ತೀರಿಕೊಂಡರೆ ಸಭೆ ಸೇರಿಸುವುದು, ಪಟಕ್ಕೆ ಹಾರ ಹಾಕುವುದು, ನಾಲ್ಕು ಒಳ್ಳೆಯ ಮಾತಾಡಿ ಮನೆಗೆ ಹೋಗುವುದು ನಮ್ಮಲ್ಲಿ ರೂಢಿ. ಈ ದಿನ ನಾವು ಸ್ಮರಿಸುತ್ತಿರುವ ವ್ಯಕ್ತಿ ಆ ಅರ್ಥದಲ್ಲಿ ದೊಡ್ಡವರಲ್ಲ. ಅವರು ಮಂತ್ರಿಯಲ್ಲ, ಜಮೀನುದಾರರಲ್ಲ, ಪದವೀಧರರಲ್ಲ. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಕುರಿ ಕಾಯುತ್ತಿದ್ದವರು. ಹೆಸರು ಕಾಮೇಗೌಡ. ನಾವು ಅವರ ರಕ್ತಸಂಬಂಧಿಗಳಲ್ಲ. ಆದರೂ ತಾತ ಎಂದು ಕರೆಯುತ್ತೇವೆ. ಮುಂದೆ ಬರುವವರಿಗಾಗಿ ನೀರಿಟ್ಟು ಹೋದವನನ್ನು ಬೇರೆ ಏನೆಂದು ಕರೆಯೋಣ?

ಮಳವಳ್ಳಿಯ ತಾತನ ಸ್ಮರಣೆ ಚಂದಾಪುರದಲ್ಲೇಕೆ ಎಂದು ಕೆಲವು ಗೆಳೆಯರು ಕೇಳಿದರು. ನ್ಯಾಯವಾದ ಪ್ರಶ್ನೆ. ಮೊದಲು ತಾತನ ಕಥೆ ಹೇಳುತ್ತೇವೆ. ಉತ್ತರ ಅದರೊಳಗಿಂದಲೇ ಬರುತ್ತದೆ.

ದಾಸನದೊಡ್ಡಿಯ ಬಳಿ ಕುಂದಿನಿ ಬೆಟ್ಟವಿದೆ. ಕಾಮೇಗೌಡರು ಕುರಿಗಳನ್ನು ಅಟ್ಟಿಕೊಂಡು ಆ ಬೆಟ್ಟ ಹತ್ತುತ್ತಿದ್ದರು. ಬೇಸಗೆಯಲ್ಲಿ ಅಲ್ಲಿ ತೊಟ್ಟು ನೀರಿರಲಿಲ್ಲ. ಕುರಿಗಾದರೋ ಸಂಜೆ ಊರಿಗಿಳಿದರೆ ನೀರು ಸಿಕ್ಕೀತು. ಬೆಟ್ಟದ ಹಕ್ಕಿಗೆ, ಕಾಡುಮೃಗಕ್ಕೆ ಎಲ್ಲಿಯ ನೀರು? ಈ ಯೋಚನೆ ಅವರನ್ನು ಹಿಡಿದುಕೊಂಡಿತು. ಮಳೆಯೇನೋ ಬೀಳುತ್ತಿತ್ತು, ಬಿದ್ದದ್ದೆಲ್ಲ ಇಳಿಜಾರಿನಲ್ಲಿ ಓಡಿಹೋಗುತ್ತಿತ್ತು. ಓಡುವ ನೀರನ್ನು ನಿಲ್ಲಿಸಬೇಕು, ಅಷ್ಟೇ. ಇದಕ್ಕೆ ಇಂಜಿನಿಯರಿಂಗ್ ಕಾಲೇಜು ಬೇಕಾಗಲಿಲ್ಲ. ಬರಿಯ ಕೋಲಿನಿಂದ ನೆಲ ಕೆದಕಲು ಆರಂಭಿಸಿದರು. ಆಮೇಲೆ ಕುರಿ ಮಾರಿ ಗುದ್ದಲಿ, ಸಲಿಕೆಗಳನ್ನು ಕೊಂಡರು. ಮುಂದೆ ಮತ್ತಷ್ಟು ಹಣ ಕೂಡಿಸಿ ಯಂತ್ರಗಳನ್ನೂ ಬಾಡಿಗೆಗೆ ತಂದರು.

ಹೀಗೆ ಸುಮಾರು 40 ವರ್ಷ. ಕಟ್ಟೆಗಳು 14 ಎಂದು ಕೆಲವರು ಬರೆದರು, 16 ಎಂದು ಕೆಲವರು. ಎಣಿಕೆ ದೊಡ್ಡದಲ್ಲ. ಒಂದು ಕಟ್ಟೆ ತುಂಬಿದರೆ ಹೆಚ್ಚಾದ ನೀರು ಕೆಳಗಿನ ಕಟ್ಟೆಗೆ ಇಳಿಯುವಂತೆ ಮಾಡಿದ್ದರಲ್ಲ, ಅದನ್ನು ಗಮನಿಸಬೇಕು. ದಂಡೆಯಲ್ಲಿ ಗಿಡ ನೆಟ್ಟರು. ಬೇರು ಮಣ್ಣನ್ನು ಹಿಡಿಯಿತು. ಊರಿನ ಕೆಲವರು ಹುಚ್ಚನೆಂದರು, ಕೆಲವರು ಆಕ್ಷೇಪಿಸಿದರು. ಪ್ರಶಸ್ತಿಯ ಹಣ ಬಂದಾಗ ಅದನ್ನೂ ಬೆಟ್ಟಕ್ಕೇ ಸುರಿದರು. ಕಟ್ಟೆಗಳಿಗೆ ಮೊಮ್ಮಕ್ಕಳ ಹೆಸರಿಟ್ಟರೆಂದು ಪತ್ರಿಕೆಗಳಲ್ಲಿ ಓದಿದ್ದೇವೆ. ಬೇರೆ ತಾತಂದಿರು ಮೊಮ್ಮಕ್ಕಳ ಹೆಸರಿಗೆ ನಿವೇಶನ ಬರೆದಿಡುತ್ತಾರೆ. ಈ ತಾತ ಬರೆದಿಟ್ಟದ್ದು ನೀರನ್ನು. ಅದನ್ನು ಮೊಮ್ಮಕ್ಕಳು ಮಾರುವಂತಿಲ್ಲ, ಬೇಲಿ ಹಾಕುವಂತಿಲ್ಲ, ಗುಬ್ಬಿಯೂ ನರಿಯೂ ಅದರಲ್ಲಿ ಪಾಲುದಾರರು. ಸಮಾಜವಾದವೆಂದರೇನು ಎಂದು ನಮ್ಮನ್ನು ಕೇಳುವವರಿಗೆ ಇಷ್ಟು ಸರಳವಾಗಿ ನಾವು ಎಂದೂ ಹೇಳಲಾರೆವು.

2020ರ ಜೂನ್ 28ರಂದು ಪ್ರಧಾನಿಗಳು ತಮ್ಮ ರೇಡಿಯೋ ಭಾಷಣದಲ್ಲಿ ಕಾಮೇಗೌಡರ ಹೆಸರು ಹೇಳಿದರು. ಅದೇ ವರ್ಷ ಸಾರಿಗೆ ಸಂಸ್ಥೆ ಅವರಿಗೆ ಜೀವನಪರ್ಯಂತ ಉಚಿತ ಬಸ್ ಪಾಸ್ ಕೊಟ್ಟಿತು. ಒಳ್ಳೆಯದೇ. ಆದರೆ ಕುರಿ ಮಾರಿ ಕಟ್ಟೆ ಕಟ್ಟಬೇಕಾದ ಸ್ಥಿತಿ ಏಕೆ ಬಂತು ಎಂದು ದಿಲ್ಲಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಯಾರಾದರೂ ಕೇಳಿದರೆ? ಒಬ್ಬ ಬಡವ ಸರ್ಕಾರದ ಕೆಲಸವನ್ನು ತಾನೇ ಮಾಡಿ ಮುಗಿಸಿದಾಗ ಅವನನ್ನು ಹೊಗಳುವುದು ಸುಲಭ. ಹೊಗಳಿಕೆಗೆ ಆಯವ್ಯಯದಲ್ಲಿ ಬಾಬ್ತು ತೆಗೆದಿಡಬೇಕಾಗಿಲ್ಲ.

ಕಾಮೇಗೌಡ ತಾತ ತೀರಿಕೊಂಡದ್ದು 2022ರ ಅಕ್ಟೋಬರ್ 17ರಂದು. ಇನ್ನು ಚಂದಾಪುರದ ಮಾತಿಗೆ ಬರೋಣ. ಅದೇ ತಿಂಗಳು, ಅದಕ್ಕೆ ಕೆಲವೇ ದಿನಗಳ ಮುಂಚೆ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಒಂದು ಆದೇಶ ಹೊರಡಿಸಿತು. ಚಂದಾಪುರದ ಕೆರೆಯನ್ನು ಕೊಳಚೆಯಿಂದಲೂ ಕಾರ್ಖಾನೆಗಳ ತ್ಯಾಜ್ಯದಿಂದಲೂ ಕಾಪಾಡಲಿಲ್ಲವೆಂದು ಕರ್ನಾಟಕ ಸರ್ಕಾರದ ಮೇಲೆ 500 ಕೋಟಿ ರೂಪಾಯಿಗಳ ಪರಿಹಾರದ ಹೊರೆ ಹೊರಿಸಿದ ಆದೇಶವದು. ಒಂದು ವಾರದ ಅಂತರದಲ್ಲಿ ಬಂದ ಎರಡು ಸುದ್ದಿಗಳು, ಬಂಧುಗಳೆ. ಅತ್ತ ಓದುಬರಹವಿಲ್ಲದ ಕುರಿಗಾಹಿಯೊಬ್ಬ ಇಲ್ಲದ ನೀರನ್ನು ಬೆಟ್ಟದ ನೆತ್ತಿಯಲ್ಲಿ ಉಂಟುಮಾಡಿ ಕಣ್ಣು ಮುಚ್ಚಿದ. ಇತ್ತ ಇಲಾಖೆ, ಮಂಡಳಿ, ಪ್ರಾಧಿಕಾರಗಳೆಲ್ಲ ಇದ್ದೂ, ಇದ್ದ ಕೆರೆಯನ್ನು ಉಳಿಸಿಕೊಳ್ಳಲಾಗಲಿಲ್ಲವೆಂದು ತೀರ್ಪಾಯಿತು. ಈ ಸಭೆ ಇಲ್ಲೇಕೆ ಎಂಬುದಕ್ಕೆ ಇದೇ ಉತ್ತರ.

ಈ ಆನೇಕಲ್ ಸೀಮೆಯಲ್ಲಿ ದೊಡ್ಡ ಹೊಳೆಯಿಲ್ಲ. ನಮ್ಮ ಹಿರಿಯರು ಮಳೆಯನ್ನೇ ನಂಬಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಕ್ಕೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಕಾಮೇಗೌಡರು ಬೆಟ್ಟದಲ್ಲಿ ಮಾಡಿದ್ದೂ ಇದೇ ಲೆಕ್ಕ. ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳು ಹೀಗೆ ಆದವು. ಏರಿಯನ್ನು ನೋಡಿಕೊಳ್ಳಲು, ತೂಬು ಎತ್ತಲು, ಹೊಲದಿಂದ ಹೊಲಕ್ಕೆ ನೀರು ಹಂಚಲು ನೀರುಗಂಟಿ ಇದ್ದ. ಬೇಸಗೆಯಲ್ಲಿ ಹೂಳೆತ್ತಿ ಆ ಮಣ್ಣನ್ನೇ ಹೊಲಕ್ಕೆ ಗೊಬ್ಬರವಾಗಿ ಹೊಡೆಯುತ್ತಿದ್ದರು. ಅಂದು ಜಾತಿಯ ಮೇಲುಕೀಳು ಇತ್ತು. ನೀರುಗಂಟಿಯ ದುಡಿಮೆಗೆ ಸಿಗಬೇಕಾದ ಮಾನ ಸಿಗಲಿಲ್ಲ. ಆ ಕಾಲವನ್ನು ಹೊಗಳಲು ನಾವು ಬಂದಿಲ್ಲ. ಆದರೆ ಕೆರೆಗೆ ಒಬ್ಬ ದಿಕ್ಕಿದ್ದ ಎಂಬುದು ಸತ್ಯ. ಇಂದು ಕೆರೆಗೆ ಹತ್ತು ಕಛೇರಿಗಳಿವೆ, ದಿಕ್ಕಿಲ್ಲ.

1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾನೂನು ಬಂತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕೈಗಾರಿಕೆಗಳೆದ್ದವು. ಎಲೆಕ್ಟ್ರಾನಿಕ್ ಸಿಟಿ ಬೆಳೆಯಿತು. 2025ರ ಆಗಸ್ಟ್ 10ರಂದು ಬೊಮ್ಮಸಂದ್ರದವರೆಗೆ ಮೆಟ್ರೋ ರೈಲೂ ಬಂತು. ನಾವು ಕಾರ್ಖಾನೆಗಳ ವೈರಿಗಳಲ್ಲ. ಇಲ್ಲಿ ಕುಳಿತಿರುವ ಅರ್ಧ ಜನರ ಒಲೆ ಉರಿಯುವುದು ಅವುಗಳಿಂದಲೇ. ಆದರೆ ಲಾಭ ಕಾರ್ಖಾನೆಯ ಒಡೆಯನಿಗೆ, ಕೊಳೆ ಊರಿನ ಕೆರೆಗೆ ಎಂಬ ಪಾಲುದಾರಿಕೆಯನ್ನು ಒಪ್ಪಲಾರೆವು. ಕೆಲಸ ಬೇಕೋ ನೀರು ಬೇಕೋ ಎಂದು ಕಾರ್ಮಿಕನನ್ನು ಕೇಳುವವನು ಮೋಸಗಾರ. ತ್ಯಾಜ್ಯವನ್ನು ಶುದ್ಧಿಮಾಡಿ ಬಿಡಬೇಕೆಂಬ ಕಾನೂನು 1974ರಿಂದಲೂ ಇದೆ. ಅದನ್ನು ಪಾಲಿಸಿದರೆ ಕಾರ್ಖಾನೆ ಮುಚ್ಚುವುದಿಲ್ಲ. ಒಡೆಯನ ಲಾಭ ಸ್ವಲ್ಪ ಇಳಿಯುತ್ತದೆ, ಅಷ್ಟೇ.

ಕೆರೆ ಕೆಟ್ಟರೆ ಮೊದಲು ನರಳುವವರು ಯಾರು? ಒಡಿಶಾದಿಂದ, ಬಿಹಾರದಿಂದ, ನಮ್ಮ ರಾಯಚೂರು ಕಲಬುರಗಿಗಳಿಂದ ಬಂದು ತಗಡಿನ ಮನೆಗಳಲ್ಲಿ ಬಾಡಿಗೆಗಿರುವ ಕೂಲಿಗಾರರು. ನೆಲದಡಿಯ ನೀರು ಕೆಟ್ಟಮೇಲೆ ಅವರು ದಿನದ ಕೂಲಿಯಲ್ಲಿ ಒಂದು ಪಾಲನ್ನು ನೀರಿನ ಕ್ಯಾನಿಗೆ ಕೊಡಬೇಕು. ಇದು ಸಂಬಳ ಕಡಿತವಲ್ಲದೆ ಇನ್ನೇನು? ಅಷ್ಟಕ್ಕೇ ನಿಲ್ಲದು. ಬೆಂಗಳೂರಿನ ಕಡೆಯಿಂದ ಹರಿದುಹೋಗುವ ಕೊಳೆ ಗಡಿ ದಾಟಿ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆಯಾಗಿ ಏಳುತ್ತದೆ. ಕಾವೇರಿಯ ನೀರಿಗೆ ತಮಿಳುನಾಡಿನೊಡನೆ ವ್ಯಾಜ್ಯವಾಡುವ ನಾವು, ಪಿನಾಕಿನಿಯಲ್ಲಿ ಅಲ್ಲಿನ ರೈತನಿಗೆ ಏನು ಕಳಿಸುತ್ತಿದ್ದೇವೆ ಎಂದು ನಾಚಿಕೊಳ್ಳಬೇಕು.

ಒಂದು ತಪ್ಪನ್ನು ನಮ್ಮ ಮೇಲೂ ಹಾಕಿಕೊಳ್ಳುತ್ತೇವೆ. 1951ರಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಅನ್ಯಾಯದ ವಿರುದ್ಧ ಎದ್ದರು. ಶಾಂತವೇರಿ ಗೋಪಾಲಗೌಡರು ಅವರೊಡನೆ ನಿಂತರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಂದಿನಿಂದ ಸಮಾಜವಾದಿಗಳು ಭೂಮಿಯ ಮಾತನ್ನು ಗಟ್ಟಿಯಾಗಿ ಆಡಿದರು. 1974ರ ಭೂಸುಧಾರಣೆಯ ತಿದ್ದುಪಡಿಯ ಹಿಂದೆ ಆ ಹೋರಾಟದ ಋಣವಿದೆ. ಆದರೆ ಭೂಮಿಯ ಮಾತಾಡಿದಷ್ಟು ನಾವು ನೀರಿನ ಮಾತಾಡಲಿಲ್ಲ. ಉಳುವವನೇ ಹೊಲದೊಡೆಯ ಎಂದೆವು. ಕೆರೆಗೆ ಒಡೆಯರು ಯಾರೆಂದು ಕೇಳಲಿಲ್ಲ. ನಾವು ಕೇಳದೆ ಇದ್ದುದರಿಂದ ಒತ್ತುವರಿ ಮಾಡುವವನು ಉತ್ತರ ಕೊಟ್ಟುಕೊಂಡ.

ಲೋಹಿಯಾ ತಮ್ಮ ಕಾರ್ಯಕರ್ತರಿಗೆ ಮೂರು ಸಾಧನಗಳನ್ನು ಹೇಳಿಕೊಟ್ಟಿದ್ದರು: ಗುದ್ದಲಿ, ಸೆರೆಮನೆ, ಮತ. ಗುದ್ದಲಿಯೆಂದರೆ ಕಟ್ಟುವ ಕೆಲಸ, ಸೆರೆಮನೆಯೆಂದರೆ ಅನ್ಯಾಯಕ್ಕೆ ಶಾಂತಿಯುತ ಪ್ರತಿಭಟನೆ, ಮತವೆಂದರೆ ಜನರ ಅಧಿಕಾರ. ಕಾಮೇಗೌಡ ತಾತನ ಬಳಿ ಗುದ್ದಲಿಯೊಂದೇ ಇತ್ತು. ಬೆಟ್ಟದಲ್ಲಿ ಅದು ಸಾಕಾಯಿತು. ಅಲ್ಲಿ ಅವರ ಕಟ್ಟೆಗೆ ವಿಷ ಬಿಡುವ ಕೊಳವೆ ಇರಲಿಲ್ಲ. ಚಂದಾಪುರದಲ್ಲಿ ಗುದ್ದಲಿಯೊಂದೇ ಸಾಲದು. ನಾವು ಈ ತುದಿಯಲ್ಲಿ ಹೂಳೆತ್ತುತ್ತಿದ್ದರೆ ಆ ತುದಿಯಲ್ಲಿ ಕೊಳಚೆ ತುಂಬುತ್ತಲೇ ಇರುತ್ತದೆ. ಆದುದರಿಂದ ಮೂರೂ ಬೇಕು.

ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಕೆರೆಯನ್ನೂ ಅದಕ್ಕೆ ಬರುವ ಹೋಗುವ ಕಾಲುವೆಗಳನ್ನೂ ಊರವರ ಎದುರಿನಲ್ಲಿ ಅಳತೆಮಾಡಿ ಗಡಿಕಲ್ಲು ನೆಡಬೇಕು. ಕೆರೆಗೆ ಬಂದು ಬೀಳುವ ಪ್ರತಿಯೊಂದು ಕೊಳವೆಯೂ ಯಾರದೆಂದು ಬರೆದು ಪ್ರಕಟಿಸಬೇಕು. ಕೆರೆಯ ಹೆಸರಿನಲ್ಲಿ ಖರ್ಚಾಗುವ ಪ್ರತಿ ರೂಪಾಯಿಯ ಲೆಕ್ಕವನ್ನೂ ಸಭೆ ಕರೆದು ಓದಿ ಹೇಳಬೇಕು. ಅರ್ಜಿ ಕೊಡುತ್ತೇವೆ, ಕಾಯುತ್ತೇವೆ. ಉತ್ತರ ಬಾರದಿದ್ದರೆ ಕಛೇರಿಯ ಬಾಗಿಲಲ್ಲಿ ಕೂರುತ್ತೇವೆ. ಓಟು ಕೇಳಲು ಬರುವವರಿಗೆ ಕೆರೆಯ ಏರಿಯ ಮೇಲೆ ನಿಂತೇ ಮಾತಾಡಿ ಎನ್ನುತ್ತೇವೆ. ಮೂಗು ಮುಚ್ಚಿಕೊಳ್ಳದೆ ಐದು ನಿಮಿಷ ಮಾತಾಡಲಿ, ನೋಡೋಣ.

ಇಷ್ಟು ಹೇಳಿ ಮುಗಿಸುತ್ತೇವೆ. ನಾವೂ ಮುದುಕರಾಗುತ್ತೇವೆ. ನಮ್ಮ ಮೊಮ್ಮಕ್ಕಳು ಏರಿಯ ಮೇಲೆ ನಿಂತು, ತಾತ, ನೀನು ಇದ್ದಾಗಲೇ ಇದು ಹೀಗಾಯಿತಾ ಎಂದು ಕೇಳುವ ದಿನ ಬರುತ್ತದೆ. ಆ ದಿನ ಹೇಳಲು ನಮ್ಮ ಬಳಿ ಒಂದು ಉತ್ತರವಿರಬೇಕು. ಬರುವ ಭಾನುವಾರ ಬೆಳಿಗ್ಗೆ 7 ಗಂಟೆಗೆ ಕೆರೆಯ ಕೋಡಿಯ ಬಳಿ ಸೇರೋಣ. ಕಾಲುವೆಯುದ್ದಕ್ಕೂ ನಡೆದು, ಎಲ್ಲೆಲ್ಲಿ ಕೊಳವೆ ಇದೆಯೆಂದು ಪುಸ್ತಕದಲ್ಲಿ ಬರೆದುಕೊಳ್ಳೋಣ. ರಾತ್ರಿ ಪಾಳಿಯವರು ನಿದ್ದೆ ಮುಗಿಸಿ ಆಮೇಲೆ ಬನ್ನಿ. ಗುದ್ದಲಿ ಇದ್ದವರು ತನ್ನಿ. ಇಲ್ಲದವರು ಒಂದು ಪೆನ್ಸಿಲ್ ತನ್ನಿ.